ಚುಕ್ಕಾಣಿ ಹಿಡಿಯುತ್ತಿದ್ದ ಕೊಸಾಲ್

"ನಾನೇನೂ ಹೇಳಲ್ಲಪ್ಪ. ನೀನೇ ನೋಡು," ಅಂದ ಜೊತೆಗೆ ಹುಟ್ಟು ಹಾಕುವ ನಾರಿತ್.

ವಿಬೋಲ್ ಹುಟ್ಟನ್ನು ದೋಣಿಯೊಳಗಿಟ್ಟು ತಲೆಯೆತ್ತಿದ. ಶಾಲೆಯ ಜಗಲಿಯಲ್ಲಿ ಕೊಸಾಲ್ ಮೇಷ್ಟ್ರಿಗೆ ಏನೋ ಹೇಳುತ್ತಿದ್ದ. ಮೇಷ್ಟ್ರು ದೋಣಿಯ ಕಡೆ ನೋಡಿ ತಲೆಯಾಡಿಸಿದರು.

"ನಿನ್ನೇನೂ ಹೀಗೇ ಮಾತಾಡ್ತಿದ್ರು. ನಾನು ಹೋದ ತಕ್ಷಣ ಸುಮ್ಮನಾದ್ರು. ಇರಲಿ ಬಿಡು. ನೀನು ಕ್ಯಾಪ್ಟನ್. ನಿನಗ್ಯಾಕೆ ಭಯ?"

ಭಯ ಇತ್ತು. ವಿಬೋಲ್‌ನದು ತೊನ್ಲೆ ಸಾಪ್ ಸರೋವರದ ಮೇಲೆ ತೇಲುವ ಮನೆ. ದಡದ ಶಾಲೆಗೆ ಸೇರಿದ ಹೊಸದರಲ್ಲಿ ಹುಡುಗರು ಅವನನ್ನು ಕಂಡರೆ ಮೂಗು ಮುಚ್ಚಿಕೊಂಡು, "ಮೀನುಬುಟ್ಟಿ ಬಂತು" ಅನ್ನುತ್ತಿದ್ದರು. ಪಕ್ಕದಲ್ಲಿ ಬಂದು ಕೂತವನು ಕೊಸಾಲ್ ಒಬ್ಬನೇ.

ಈಗ ವಿಬೋಲ್‌ನಷ್ಟು ಜೋರಾಗಿ ಹುಟ್ಟು ಹಾಕುವವರು ಶಾಲೆಯಲ್ಲಿರಲಿಲ್ಲ. ನೀರಹಬ್ಬದ ದೋಣಿ ಪಂದ್ಯಕ್ಕೆ ಅವನೇ ಕ್ಯಾಪ್ಟನ್. ಹಿಂದೆ ಚುಕ್ಕಾಣಿ ಹಿಡಿಯುವವನು ಕೊಸಾಲ್. ಆದರೂ ಯಾರಾದರೂ ಪಿಸುಗುಟ್ಟಿದರೆ ಸಾಕು, ತನ್ನ ಬಗ್ಗೆಯೇ ಇರಬೇಕು ಎಂದು ವಿಬೋಲ್‌ಗೆ ಅನ್ನಿಸುತ್ತಿತ್ತು.

ಮರುದಿನ ಪ್ರಾಕ್ಟೀಸ್‌ಗೆ ಕೊಸಾಲ್ ದೋಣಿ ಕಟ್ಟುವ ಕಟ್ಟೆಗೆ ತಡವಾಗಿ ಓಡಿಬಂದ.

"ಮೇಷ್ಟ್ರ ಹತ್ರ ಹೋಗಿದ್ದೆ ಕಣೋ. ಒಂದು ವಿಷಯ ಇದೆ..."

"ಏನೂ ಬೇಡ. ಚುಕ್ಕಾಣಿ ಇವತ್ತಿಂದ ನಾರಿತ್ ಹಿಡೀತಾನೆ."

"ಯಾಕೋ?"

"ನನ್ನ ಜಾಗ ಬೇಕು ನಿನಗೆ. ಮೀನುಬುಟ್ಟಿ ಹೇಳಿದ ಹಾಗೆ ಕೇಳೋಕೆ ನಾಚಿಕೆ ಅಲ್ವಾ?"

ತಮಾಷೆ ಅಂದುಕೊಂಡು ಕೊಸಾಲ್ ನಕ್ಕುಬಿಟ್ಟ.

ಆ ನಗು ವಿಬೋಲ್‌ಗೆ ಸಹಿಸಲಾಗಲಿಲ್ಲ. ಎರಡೂ ಕೈಯಿಂದ ತಳ್ಳಿದ. ಕೊಸಾಲ್ ಜಾರಿ ಬಿದ್ದ. ಅವನ ಕೈ ದೋಣಿಗೂ ಕಟ್ಟೆಯ ಕಂಬಕ್ಕೂ ನಡುವೆ ಸಿಕ್ಕಿಕೊಂಡಿತು. ಒಣಬಿದಿರು ಮುರಿದ ಹಾಗೆ ಸದ್ದಾಯಿತು.

ಆಸ್ಪತ್ರೆಯಿಂದ ಬಂದ ಮೇಷ್ಟ್ರು ಬೈಯಲಿಲ್ಲ. ಸುಸ್ತಾದವರ ಹಾಗೆ ಮೆಟ್ಟಿಲ ಮೇಲೆ ಕೂತರು.

"ಎಷ್ಟೋ ದಿನ ಬೆಳಗ್ಗೆ ನೀನು ಅಪ್ಪನ ಜೊತೆ ಬಲೆ ಎಳೆಯೋಕೆ ಹೋಗ್ತೀಯ, ಪ್ರಾಕ್ಟೀಸ್ ತಪ್ಪಿಸ್ತೀಯ. ಅದಕ್ಕೇ ನಿನ್ನನ್ನ ಟೀಮಿಂದ ತೆಗೀತೀನಿ ಅಂದಿದ್ದೆ. ಪ್ರಾಕ್ಟೀಸ್ ಸಂಜೆಗೆ ಹಾಕಿ ಸರ್, ಅವನನ್ನ ತೆಗೀಬೇಡಿ ಅಂತ ಕೊಸಾಲ್ ದಿನಾ ನನ್ನ ಪ್ರಾಣ ತಿಂತಿದ್ದ. ಇವತ್ತು ಒಪ್ಪಿಕೊಂಡಿದ್ದೆ."

ವಿಬೋಲ್ ದೋಣಿಯ ಕಡೆ ನೋಡಿದ.

"ಇನ್ನು ನೀನು ದೋಣಿ ಹತ್ತಬೇಡ," ಅಂದರು ಮೇಷ್ಟ್ರು.

ನಾರಿತ್ ಕ್ಯಾಪ್ಟನ್ ಆದ. ಸರಿಯಾಗಿ ಚುಕ್ಕಾಣಿ ಹಿಡಿಯುವವರಿಲ್ಲದ ದೋಣಿ ಪಂದ್ಯದ ದಿನ ಅರ್ಧದಲ್ಲೇ ಮಗುಚಿತು. ನೆನೆದು ಬಂದ ಹುಡುಗರು ವಿಬೋಲ್‌ನ ಮುಂದೆಯೇ ಹಾದುಹೋದರು.

ಅಲ್ಲಿಂದ ಅವನು ಕೊಸಾಲ್ ಮನೆಗೆ ಹೋದ. ಕೊಸಾಲ್ ಚಾಪೆಯ ಮೇಲೆ ಮಲಗಿದ್ದ. ಕೈಗೆ ಪ್ಲಾಸ್ಟರ್ ಇತ್ತು. ಆ ಕೈ ಇನ್ನು ಪೂರ್ತಿ ನೆಟ್ಟಗಾಗಲ್ಲ ಎಂದು ಡಾಕ್ಟರ್ ಹೇಳಿದ್ದನ್ನು ಅವನಮ್ಮ ಬಾಗಿಲಲ್ಲೇ ತಿಳಿಸಿದ್ದರು.

ವಿಬೋಲ್ ಚಾಪೆಯ ಪಕ್ಕ ಕೂತ.

"ನನ್ನನ್ನೇ ಒಂದು ಮಾತು ಕೇಳಬಹುದಿತ್ತಲ್ವಾ?" ಅಂದ ಕೊಸಾಲ್.

ನಾರಿತ್ ಹೆಸರು ವಿಬೋಲ್‌ನ ನಾಲಿಗೆಯ ತುದಿಗೆ ಬಂತು. ಆದರೆ ನಾರಿತ್ ಹೇಳಿದ್ದಾದರೂ ಏನು? ನೋಡು ಅಂದಿದ್ದ, ಸುಮ್ಮನಾದ್ರು ಅಂದಿದ್ದ, ಅಷ್ಟೇ. ಮಿಕ್ಕಿದ್ದನ್ನೆಲ್ಲ ಜೋಡಿಸಿಕೊಂಡವನು ತಾನೇ.

ವಿಬೋಲ್ ಆ ಹೆಸರು ಹೇಳಲಿಲ್ಲ. ತಲೆ ತಗ್ಗಿಸಿದ.

ಕೊಸಾಲ್ ಮೆಲ್ಲಗೆ ಗೋಡೆಯ ಕಡೆ ತಿರುಗಿಕೊಂಡ.