ಸೀದಾ ಹಾಕಿದ ಜಾಕೆಟ್

ಡಿಸೆಂಬರ್ ಹನ್ನೊಂದು, ಗುರುವಾರ. ಬೆಳಿಗ್ಗೆ ಏಳೂವರೆಗೆ ಠಾಣೆಗೆ ದೂರು ಬಂತು. ತಂದವನು ಸಾಯಿಕುಮಾರ. ವಾಡಿಯಿಂದ ಶಹಾಬಾದ ಕಡೆಗೆ ಹೋಗುವ ರಸ್ತೆಯನ್ನು ಅಗಲ ಮಾಡುತ್ತಿದ್ದ ಗುತ್ತಿಗೆದಾರನ ಬಳಿ ಅವನು ಸೇಫ್ಟಿ ಸೂಪರ್‌ವೈಸರ್. ಕೂಲಿಯವರ ಜೀವ ಕಾಯುವುದೇ ಅವನ ನೌಕರಿ. ಪಿಎಸ್‌ಐ ಲುಂಬಿನಿ ಕುರ್ಚಿ ತೋರಿಸಿದರೂ ಅವನು ಕೂರಲಿಲ್ಲ.

"ಟಿಪ್ಪರ್ ಹಾಯ್ದು ನಮ್ ಹೆಣ್ಮಗಳು ಹೋದ್ಳ್ರಿ ಮೇಡಂ. ಮರೆಮ್ಮ ಅಂತ. ಜಾಕೆಟ್ ಹಾಕ್ಕೊಂಡಿದ್ಳ್ರಿ."

"ಎಷ್ಟೊತ್ತಿಗಿ?"

"ಆರೂವರಿ ಸುಮಾರ್ರಿ. ಮಂಜಿತ್ತು. ಆದ್ರ ಜಾಕೆಟ್ ಹಾಕ್ಕೊಂಡಿದ್ಳ್ರಿ."

"ಡ್ರೈವರ್ ಎಲ್ಲಿ?"

"ಅಲ್ಲೇ ಹಿಡ್ದು ಕುಂದ್ರಿಸೀವ್ರಿ. ಬೇಕಂತನೇ ಹತ್ತಿಸ್ಯಾನ್ರಿ ಅವ. ನಿನ್ನಿ ಅಕಿ ಜೋಡಿ ಜಗಳಾಡಿ, ಮ್ಯಾಲ ಹತ್ತಿಸ್ತೀನಿ ಅಂದಿದ್ದ. ಎಲ್ಲಾರೂ ಕೇಳ್ಯಾರ. ಜಾಕೆಟ್ ಅಷ್ಟು ಹೊಳೀತದ, ಕಾಣಲಿಲ್ಲ ಅಂದ್ರ ಯಾರು ನಂಬ್ತಾರ್ರಿ?"

ಹೇಳಿದ್ದೇ ಹೇಳುವ ಕಿಸಬಾಯಿದಾಸ, ಅಂದುಕೊಂಡಳು ಲುಂಬಿನಿ. ಆದರೆ ಕಣ್ಣೆದುರು ಸಾವು ನೋಡಿ ಬಂದವರು ಒಂದೇ ಮಾತನ್ನು ಹತ್ತು ಸಲ ಆಡುವುದು ಅವಳಿಗೆ ಹೊಸದಲ್ಲ. ದೂರು ಬರೆಸಿಕೊಂಡು, ಎಫ್‌ಐಆರ್ ಹಾಕಿಸಿ, ಹೆಡ್ ಕಾನ್‌ಸ್ಟೇಬಲ್ ಬಂದೇಅಲಿಯನ್ನು ಕರೆದುಕೊಂಡು ಜೀಪು ಹತ್ತಿದಳು.

ಆ ಜಾಗ ನೋಡಿದರೆ ಯಾರಿಗಾದರೂ ಉಸಿರು ಕಟ್ಟಬೇಕು. ರಸ್ತೆಯ ಅರ್ಧವನ್ನು ಅಗೆದು ಹಾಕಿದ್ದರು. ಉಳಿದ ಅರ್ಧದ ಒಂದು ಮಗ್ಗುಲಿಗೆ ಹಳೆಯ ಕಲ್ಲುಗಣಿಯ ತಂತಿಬೇಲಿ, ಇನ್ನೊಂದು ಮಗ್ಗುಲಿಗೆ ಆಳೆತ್ತರ ಪೇರಿಸಿದ ಫರ್ಸಿ ಹಾಸುಗಲ್ಲು. ನಡುವೆ ಒಂದು ಟಿಪ್ಪರ್ ಹಿಡಿಸುವಷ್ಟೇ ದಾರಿ. ಅದರ ಬಾಯಲ್ಲಿ ನಿಂತು ಕೆಂಪು ಬಾವುಟ ತೋರಿಸುವುದು ಮರೆಮ್ಮನ ಕೆಲಸ, ಗಾಡಿಗಳು ಕಡಿಮೆಯಾದಾಗ ಉಳಿದವರ ಜೊತೆ ಖಡಿ ಬುಟ್ಟಿ ಹೊರುವುದು. ಗಾಡಿ ಮೈಮೇಲೆ ಬಂದರೆ ಅವಳಿಗೆ ಸರಿಯಲು ಒಂದು ಮೊಳ ಜಾಗವೂ ಇರಲಿಲ್ಲ.

ಇಬ್ಬರು ಪಂಚರ ಸಮಕ್ಷಮ ಶವ ಪಂಚನಾಮೆ ಆಯಿತು. ಲುಂಬಿನಿ ಹೇಳುತ್ತಾ ಹೋದಳು, ಬಂದೇಅಲಿ ಬರೆಯುತ್ತಾ ಹೋದ: ಶವವು ಅಂಗಾತ ಮಲಗಿದ್ದು, ತಲೆಯ ಹಿಂಭಾಗಕ್ಕೆ ಭಾರಿ ಪೆಟ್ಟು, ಹಸಿರು ಸೀರೆ, ಅದರ ಮೇಲೆ ಗಂಡಸರ ತುಂಬುತೋಳಿನ ನೀಲಿ ಅಂಗಿ, ಅಂಗಿಯ ಬೆನ್ನು ರಕ್ತಸಿಕ್ತ, ಅದರ ಮೇಲೆ ಕಿತ್ತಳೆ ಬಣ್ಣದ ಜಾಕೆಟ್, ಎದೆಯ ಮೇಲೆ ಅಂಟುಪಟ್ಟಿಯಿಂದ ಮುಚ್ಚಿದ್ದು, ಧೂಳು ಮೆತ್ತಿದ್ದು. ಮರೆಮ್ಮನ ಕಾಲಲ್ಲಿ ಚಪ್ಪಲಿ ಒಂದೇ ಇತ್ತು. ಇಷ್ಟು ವರ್ಷವಾದರೂ ಒಂಟಿ ಚಪ್ಪಲಿಯನ್ನು ಲುಂಬಿನಿ ಸಲೀಸಾಗಿ ಬರೆಸಲಾರಳು.

ಕೆಲಸದ ಹೆಂಗಸರು ಫರ್ಸಿಯ ಸಾಲಿಗೆ ಒರಗಿ ನಿಂತಿದ್ದರು. ಒಬ್ಬೊಬ್ಬರನ್ನೇ ಕೇಳಿದಳು. "ಜಾಕೆಟ್ ಹಾಕ್ಕೊಂಡಿದ್ಳ್ರಿ," ಅಂದಳು ಮೊದಲನೆಯವಳು. "ಜಾಕೆಟ್ ಹಾಕ್ಕೊಂಡಿದ್ಳ್ರಿ," ಅಂದಳು ಎರಡನೆಯವಳು. ಮೂರನೆಯವಳು ಅನಸುಬಾಯಿ, ಮರೆಮ್ಮನ ಜೋಡಿಯಲ್ಲೇ ಬುಟ್ಟಿ ಹೊರುವವಳು. ಅವಳೂ ಅದನ್ನೇ ನೆಲ ನೋಡುತ್ತಾ ಹೇಳಿದಳು.

ಟಿಪ್ಪರ್ ಚಾಲಕ ಲಾಲ್ ಅಹ್ಮದ್ ನಲವತ್ತರ ಆಸುಪಾಸಿನ ಸಣಕಲು ಆಳು. ಕುಡಿದಿರಲಿಲ್ಲ, ಓಡಿಹೋಗಿರಲಿಲ್ಲ. ಅವನೇ ಆಂಬುಲೆನ್ಸಿಗೆ ಫೋನು ಮಾಡಿದ್ದ.

"ನಿನ್ನಿ ಜಗಳಾ ಆಗಿತ್ತು?"

"ಆಗಿತ್ರಿ. ಭಾಳೊತ್ತು ನಿಂದ್ರಿಸಿದ್ಲು. ಟ್ರಿಪ್ ಕಡಿಮಿ ಆದ್ರ ಮಾಲಕ ಬೈತಾನ."

"ಮ್ಯಾಲ ಹತ್ತಿಸ್ತೀನಿ ಅಂದಿದ್ದಿ?"

"ಅಂದೀನ್ರಿ. ಸಿಟ್ಟಿನಾಗ ಬಾಯಿಗಿ ಬಂತು."

"ಇವತ್ತು ಅಕಿ ಕಾಣಲಿಲ್ಲ?"

"ಖುದಾ ಕಸಂ, ಕಾಣಲಿಲ್ರಿ ಮೇಡಂ. ಮಂಜು, ಸಿಮಿಟಿನ ಧೂಳಾ, ಎಲ್ಲಾ ಒಂದೇ ಬಣ್ಣ. ಲೈಟ್ ಹಾಕಿದ್ದೆ. ಏನೂ ಹೊಳೀಲಿಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹಿಂದಿನ ದಿನದ ಆ ಒಂದು ಮಾತು ಈಗ ಅವನ ಕೊರಳಿಗೆ ಸುತ್ತಿಕೊಂಡಿತ್ತು. ಜಾಕೆಟ್ ಇತ್ತು ಅಂದರೆ ಮರೆಮ್ಮ ಅವನಿಗೆ ಕಂಡಿರಬೇಕು. ಕಂಡೂ ಹಾಯಿಸಿದ ಅಂದರೆ ಅದು ಅಪಘಾತವಲ್ಲ, ಜಾಮೀನು ಸಿಗದ ಕಲಮು. ಠಾಣೆಗೆ ಮರಳಿದ ಮೇಲೆ ಲುಂಬಿನಿ ವಶಪಡಿಸಿಕೊಂಡ ಸಾಮಾನಿಡುವ ಮುದ್ದೆಮಾಲಿನ ಕೋಣೆಯ ಕಿಟಕಿ ಮುಚ್ಚಿಸಿ, ಮರೆಮ್ಮನ ಜಾಕೆಟ್ಟಿಗೆ ಬ್ಯಾಟರಿ ಬಿಟ್ಟಳು. ಧೂಳು ಮೆತ್ತಿದ್ದರೂ ಬಿಳಿಪಟ್ಟಿಗಳು ಕಣ್ಣು ಕುಕ್ಕಿದವು.

"ಇಷ್ಟು ಹೊಳ್ಯೋದು ಕಾಣಲಿಲ್ಲ ಅಂದ್ರ ಅವ ಕುರುಡಾ ಇರ್ಬೇಕ್ರಿ," ಅಂದ ಬಂದೇಅಲಿ. ಆಮೇಲೆ ತಗ್ಗಿದ ದನಿಯಲ್ಲಿ, "ಆದ್ರ ಸುಳ್ಳ ಹೇಳಾವ ನಿನ್ನಿ ಮಾತು ಯಾಕ ಒಪ್ಕೋತಾನ್ರಿ ಮೇಡಂ?"

ಅದೇ ಮುಳ್ಳು ಲುಂಬಿನಿಗೂ ಚುಚ್ಚುತ್ತಿತ್ತು. ಸಂಜೆ ಲಾಲ್ ಅಹ್ಮದನ ಹೆಂಡತಿ ರಶೀದಾಬೇಗಂ ಬಂದು ಠಾಣೆಯ ಮೆಟ್ಟಿಲ ಮೇಲೆ ಕೂತಳು. ಅಳಲಿಲ್ಲ. "ಅವ್ರು ಬಾಯಿ ಹೊಲಸು ಖರೇರಿ, ಕೈ ಹೊಲಸಿಲ್ಲ," ಅಂದಳು, ಅಷ್ಟೇ. ಸೆಲ್ಲಿನೊಳಗೆ ಲಾಲ್ ಅಹ್ಮದ್ ಮೊಣಕಾಲಿಗೆ ಹಣೆ ಹಚ್ಚಿ ಕೂತಿದ್ದ. ಬೆಳಗಾದರೆ ಅವನನ್ನು ಚಿತ್ತಾಪುರದ ಕೋರ್ಟಿಗೆ ಒಪ್ಪಿಸಬೇಕು. ಅಲ್ಲಿಂದ ಜೈಲು. ದೂರು ಇದೆ, ಸಾಕ್ಷಿಗಳಿದ್ದಾರೆ, ಅವನ ಬಾಯಿಂದಲೇ ಬಂದ ಮಾತಿದೆ. ಎತ್ತ ತಿರುಗಿದರೂ ಗೋಡೆ. ತಾನೇ ಕೂತು ಆ ಗೋಡೆಗೆ ಕಲ್ಲಿಡುತ್ತಿದ್ದೇನೆ ಅನಿಸಿ ಲುಂಬಿನಿಗೆ ಊಟ ಸೇರಲಿಲ್ಲ.

ಶುಕ್ರವಾರ ಬೆಳಿಗ್ಗೆ, ಹಿಂದಿನ ದಿನದ ಹೊತ್ತಿಗೇ, ಅವಳು ಜೀಪಿನಲ್ಲಿ ಆ ರಸ್ತೆಗೆ ಹೋದಳು. ಟಿಪ್ಪರ್ ಬಂದ ದಿಕ್ಕಿನಿಂದಲೇ ಬಂದಳು. ಮಂಜು ಅಷ್ಟೇ ಇತ್ತು. ಕೆಲಸ ನಿಂತಿರಲಿಲ್ಲ, ಸತ್ತವಳ ಜಾಗಕ್ಕೆ ಇನ್ನೊಬ್ಬಳು ಬಾವುಟ ಹಿಡಿದು ನಿಂತಿದ್ದಳು. ಇನ್ನೂ ಬಹಳ ದೂರವಿರುವಾಗ, ಹಳ್ಳದ ಸೇತುವೆ ದಾಟುವ ಮೊದಲೇ ಜೀಪಿನ ಬೆಳಕಿಗೆ ಅವಳ ಮೈಮೇಲಿನ ಪಟ್ಟಿಗಳು ಫಳಫಳ ಅಂದವು. ಬಂದೇಅಲಿ ನಿಟ್ಟುಸಿರು ಬಿಟ್ಟ. ಲಾಲ್ ಅಹ್ಮದನ ಕತೆ ಮುಗಿಯಿತು ಅಂತ ಇಬ್ಬರಿಗೂ ಅನಿಸಿತು.

ಇಳಿದು ಹತ್ತಿರ ಹೋದರೆ, ಹೆಂಗಸರೆಲ್ಲ ಜಾಕೆಟ್ ಹಾಕಿದ್ದರು. ಪೊಟ್ಟಣದ ಮಡಿಕೆಯ ಗೆರೆ ಇನ್ನೂ ಹಾಗೇ ಇತ್ತು. ಕೊನೆಯಲ್ಲಿದ್ದವಳು ಈಗಷ್ಟೇ ತೊಡುತ್ತಿದ್ದಳು. ತೋಳು ಮುಂದಿನಿಂದ ತೂರಿಸಿ ಬೆನ್ನು ತಿರುಗಿಸಿ ನಿಂತಳು. ಅನಸುಬಾಯಿ ಹಿಂದಿನಿಂದ ಅಂಟುಪಟ್ಟಿ ಎಳೆದು ಚರಕ್ಕನೆ ಹಚ್ಚಿದಳು.

"ಏ! ಮತ್ತ ಉಲ್ಟಾ ಹಾಕ್ಕೊಂಡ್ರೇನು?" ಆ ಕಡೆಯಿಂದ ಸಾಯಿಕುಮಾರ ಕೂಗಿದ. "ಎಷ್ಟು ಸರ್ತಿ ಹೇಳ್ಬೇಕು ನಿಮಗ, ಸೀದಾ ಹಾಕ್ಕೋರಿ ಅಂತ!"

ಕೂಗಿದ ಮೇಲೆ ಅವನಿಗೆ ಜೀಪು ಕಂಡಿತು. ಕೈ ತಾನಾಗಿ ಎದೆಯ ಮೇಲಿನ ಪಟ್ಟಿಗೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ. ಲುಂಬಿನಿ ಅವನನ್ನು ನೋಡದವಳಂತೆ ಅನಸುಬಾಯಿಯ ಬಳಿ ನಡೆದಳು.

"ಯಾಕಕ್ಕಾ, ಹಿಂದಮುಂದ ಹಾಕ್ಕೋತೀರಿ?"

"ಮುಂದ ಈ ಪಟ್ಟಿ ಇದ್ರ ಸೀರಿಗಿ ಹತ್ಕೋತದ್ರಿ, ಎಳಿ ಎಳಿ ಕೀಳ್ತದ. ಬುಟ್ಟಿ ಎತ್ಲಿಕ್ಕ ಬಗ್ಗಿದ್ರ ಫಟ್ ಅಂತ ಬಾಯಿ ತಗೀತದ, ಗಂಡಸ್ರು ನೋಡ್ತಾರ. ಅದ್ಕ ನಾವು ಹಿಂದ ಮಾಡ್ಕೋತೀವ್ರಿ."

"ಎಲ್ಲಾರೂ?"

"ಹೆಣ್ಮಕ್ಕಳು ಎಲ್ಲಾರೂರಿ."

"ಹಿಂದ ಕೈ ಮುಟ್ಟಲ್ಲಲ್ಲ?"

"ಒಬ್ರಿಗೊಬ್ರು ಹಚ್ತೀವ್ರಿ. ನಂದು ಮರೆಮ್ಮ ಹಚ್ತಿದ್ಲು, ಅಕೀದು ನಾ ಹಚ್ತಿದ್ದೆ."

ಲುಂಬಿನಿಗೆ ಶವ ಪಂಚನಾಮೆ ನೆನಪಾಯಿತು. ಎದೆಯ ಮೇಲೆ ಅಂಟುಪಟ್ಟಿಯಿಂದ ಮುಚ್ಚಿದ್ದು. ತಾನೇ ಬರೆಸಿದ ಸಾಲು.

"ನಿನ್ನಿ ಹಚ್ಚಿದ್ದಿ?"

ಅನಸುಬಾಯಿ ಬುಟ್ಟಿ ಎತ್ತಲು ಬಗ್ಗಿದಳು. ಲುಂಬಿನಿ ಬುಟ್ಟಿಯ ಮೇಲೆ ಕೈಯಿಟ್ಟಳು.

"ಅಕ್ಕಾ, ಮರೆಮ್ಮನ ಜಾಕೆಟ್ ಸೀದಾ ಇತ್ತು. ಹೆಣ್ಮಕ್ಕಳು ಹಾಕಿದ್ದಲ್ಲ ಅದು. ನೀ ಸುಮ್ನಿದ್ರ, ಏನೂ ಕಾಣದಾವ ಒಬ್ಬ ಜೈಲಿಗಿ ಹೋಗ್ತಾನ. ಅವನ ಹೇಣ್ತಿ ನಿನ್ನಿಯಿಂದ ನಮ್ಮ ಮೆಟ್ಟಿಲ ಮ್ಯಾಲ ಕುಂತಾಳ."

"ಹಚ್ಚಿಲ್ರಿ," ಅಂದಳು ಅನಸುಬಾಯಿ. ಅಂದವಳೇ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. "ನಿನ್ನಿ ನಮಗ್ಯಾರಿಗೂ ಜಾಕೆಟ್ ಇರ್ಲಿಲ್ರಿ. ಪೆಟ್ಟಿಗಿ ಒಳಗ ಕೀಲಿ ಹಾಕಿಟ್ಟಿದ್ರು. ಅಕಿ ಬಿದ್ದ ಮ್ಯಾಗ ಸಾಯಿಕುಮಾರ ಸಾಹೇಬ್ರು ಓಡಿ ಹೋಗಿ ಒಂದು ತಂದು ಅಕಿಗಿ ಹಾಕಿದ್ರು. ಜಾಕೆಟ್ ಇರ್ಲಿಲ್ಲ ಅಂತ ಹೇಳಿದ್ರ ಕೆಲಸ ಬಂದ್ ಮಾಡ್ತಾರ, ಎಲ್ಲಾರೂ ಮನಿಗಿ ಹೋಗ್ರಿ ಅಂದ್ರು. ಮನಿಗಿ ಹೋಗಿ ಏನ್ ತಿನ್ಬೇಕ್ರಿ ನಾವು?"

ಒಬ್ಬಳು ಬಾಯಿಬಿಟ್ಟ ಮೇಲೆ ಉಳಿದವರದು ತಡವಾಗಲಿಲ್ಲ. ಎಲ್ಲರ ಹೇಳಿಕೆ ಬರೆಸಿದ್ದಾಯಿತು. ಸಾಮಾನಿನ ತಗಡಿನ ಡಬ್ಬಿಕೋಣೆಯಲ್ಲಿ ಹರಿದ ಪ್ಲಾಸ್ಟಿಕ್ ಪೊಟ್ಟಣಗಳು, ಕೀಲಿ ಹಾಕುವ ಕಬ್ಬಿಣದ ಪೆಟ್ಟಿಗೆ ಸಿಕ್ಕವು. ಪಂಚನಾಮೆ ಮಾಡಿ ವಶಕ್ಕೆ ಪಡೆದರು. ಠಾಣೆಯಲ್ಲಿ ಮರೆಮ್ಮನ ಜಾಕೆಟ್ ಒಳಮಗ್ಗುಲಾಗಿ ತಿರುಗಿಸಿ ನೋಡಿದಾಗ, ಅಂಗಿಯ ಬೆನ್ನೆಲ್ಲ ನೆನೆದಿದ್ದರೂ ಜಾಕೆಟ್ಟಿಗೆ ರಕ್ತ ಅಲ್ಲಲ್ಲಿ ಒರೆಸಿದಷ್ಟೇ ಹತ್ತಿತ್ತು. ನಿನ್ನೆ ಹೊಳಪು ನೋಡಿದ್ದಳೇ ಹೊರತು ಒಳಗು ನೋಡಿರಲಿಲ್ಲ. ತನ್ನ ಮೇಲೆ ತನಗೇ ಸಿಟ್ಟು ಬಂತು ಲುಂಬಿನಿಗೆ. ಅಂಗಿ, ಜಾಕೆಟ್ ಎರಡನ್ನೂ ಪರೀಕ್ಷೆಗೆ ಕಲಬುರಗಿಗೆ ಕಳಿಸಿದಳು.

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಸಾಯಿಕುಮಾರನನ್ನು ಬಂಧಿಸಿದರು. ನಿರ್ಲಕ್ಷ್ಯದಿಂದ ಸಾವು, ಸಾಕ್ಷ್ಯ ತಿರುಚಿದ್ದು, ಸುಳ್ಳು ದೂರು. ಗುತ್ತಿಗೆದಾರನನ್ನು ಎರಡನೆಯ ಆರೋಪಿ ಮಾಡಿ ನೋಟಿಸು ಹೊರಡಿಸಿದರು. ಫೋನು ಮಾಡಿದಾಗ ಆತ, "ಸೇಫ್ಟಿ ಎಲ್ಲಾ ಅವನ ಖಾತೆರಿ, ನಂಗೇನು ಗೊತ್ತಿಲ್ಲ," ಅಂದು ಇಟ್ಟುಬಿಟ್ಟಿದ್ದ. ಲಾಲ್ ಅಹ್ಮದನ ಮೇಲಿನ ಕಲಮು ಬದಲಿಸಿ ಕೋರ್ಟಿಗೆ ವರದಿ ಹೋಯಿತು, ಸಂಜೆ ಜಾಮೀನಾಯಿತು. ಹೊರಗೆ ಬಂದವನು ಹೆಂಡತಿಯ ಮುಖ ನೋಡಲಾರದೆ ನಿಂತ. "ಗಾಲಿ ಅಂತೂ ನಂದೇ," ಅಂದ. ರಶೀದಾಬೇಗಂ ಅವನ ರಟ್ಟೆ ಹಿಡಿದು ನಡೆಸಿಕೊಂಡು ಹೋದಳು.

ಸಾಯಿಕುಮಾರ ವಕೀಲರನ್ನು ಕೇಳಲಿಲ್ಲ, ನೀರು ಕೇಳಿದ. ಕುಡಿದು ಲೋಟ ಹಿಡಿದುಕೊಂಡೇ ಕೂತ.

"ಪೆಟ್ಟಿಗ್ಯಾಗ ಯಾಕ ಇಟ್ಟಿದ್ದಿ?" ಕೇಳಿದಳು ಲುಂಬಿನಿ.

"ಈ ಧೂಳಿನಾಗ ಎರಡು ದಿನಕ್ಕ ಬೂದಿ ಬಣ್ಣ ಆಗ್ತಾವ್ರಿ. ತಪಾಸಣಿಗಿ ಬರೋ ಸಾಹೇಬ್ರು ಮುಂದಿನ ವಾರ ಬರಾವ್ರಿದ್ರು. ಮೈಲಿಗಿ ಆಗಿದ್ದು ಕಂಡ್ರ ನಿನ್ನ ನೌಕರಿ ಇಲ್ಲ, ಇನ್ನೊಂದು ಸೆಟ್ ಕೊಡ್ಸಲ್ಲ ಅಂದಿದ್ರು ಮಾಲಕ್ರು. ತಪಾಸಣಿಯವ್ರು ಬಂದಾಗಷ್ಟೇ ಕೊಡ್ತಿದ್ದೆ. ಆ ಸಾಹೇಬ್ರು ಹೋದ ಮ್ಯಾಲ ತೊಳದು, ಮಡಚಿ ಪೊಟ್ಟಣದಾಗ ಇಡ್ತಿದ್ದೆ."

"ಕಡಿಮಿ ರೇಟಿನ ಹಗುರ ಮಾಲು ತಂದು ದಿನಾ ಹಾಕ್ಸಬೇಕಿತ್ತು."

ಅವನು ತಲೆ ಎತ್ತಿದ. ಇಡೀ ದಿನದಲ್ಲಿ ಮೊದಲ ಸಲ ಅವನ ದನಿಯಲ್ಲಿ ಬಿಸಿ ಇತ್ತು. "ಹಗುರ ಮಾಲೇ ತರ್ಸಾಕತ್ತಿದ್ರು ಮಾಲಕ್ರು. ಜಾಳಿಗಿ ಬಟ್ಟೀದು, ಪಟ್ಟಿ ನೋಡಿದ್ರ ಬಣ್ಣ ಬಳದ ಕಾಗದಾ. ನಾನೇ ಬ್ಯಾಡ ಅಂತ ಹಟ ಹಿಡದೆ. ಮಾಲಕ್ರ ಜೋಡಿ ಜಗಳಾಡಿ ಇವು ಆರಿಸಿದ್ದು ನಾನೇರಿ. ಎರಡೂ ನಮೂನಿ ತರ್ಸಿ, ಮಂಜಿನಾಗ ಒಬ್ರಿಗಿ ತೊಡಿಸಿ ರಸ್ತಾದಾಗ ನಿಂದ್ರಿಸಿ, ಗಾಡಿ ಮ್ಯಾಲ ದೂರದಿಂದ ಬಂದು ಬಂದು ನೋಡೀನಿ. ಮೊದ್ಲಿಂದು ತೊಟ್ಟಾಗ ಹತ್ರ ಬರೋತನಾ ಕಾಣಲೇ ಇಲ್ಲ. ಎರಡನೇದು ತೊಟ್ಟಾಗ ದೂರದಿಂದನೇ ಕಂಡ್ಲು. ಹಿಗ್ಗಿ ಹೋದೆರಿ ನಾನು. ಇನ್ನ ಮ್ಯಾಲ ನಿಮಗ್ಯಾರಿಗೂ ಏನೂ ಆಗಲ್ಲ ಅಂತ ಹೇಳಿದೆ."

"ಯಾರನ್ನ ನಿಂದ್ರಿಸಿದ್ದಿ?"

ಸಾಯಿಕುಮಾರ ಲೋಟವನ್ನು ಮೇಜಿನ ಮೇಲೆ ಇಟ್ಟ. ಇಟ್ಟ ಕೈ ಅಲ್ಲೇ ನಿಂತಿತು.

"ಮರೆಮ್ಮನ್ನೇರಿ," ಅಂದ.