ಕ್ಯಾಮೆರಾ ಹಾಕದ ಹುಡುಗ

"ಬೆಳಗಿಂದ ಮುಖ ತೊಳೆದಿಲ್ಲ, ತಲೆ ಬಾಚಿಲ್ಲ... ಇದ್ಯಾವ ಸೀಮೆ ಕಾಲೇಜೇ ನಿಂದು?"

ಅಜ್ಜಿಯ ಮಾತು ಇಡೀ ಭೌತಶಾಸ್ತ್ರ ತರಗತಿಗೆ ಕೇಳಿಸಿತು. ಸೋಂಕಿನ ಭಯಕ್ಕೆ ವಿಶ್ವವಿದ್ಯಾಲಯ ಮುಚ್ಚಿ, ಪಾಠವೆಲ್ಲ ಫೋನಿಗೆ ಬಂದಿದ್ದ ಹೊಸತು. ಮೊಮ್ಮಗಳು ಮೈಕ್ ಆಫ್ ಮಾಡುವುದನ್ನು ಮರೆತಿದ್ದಳು.

ಪರದೆಯ ತುಂಬ ನಗು. ಅಷ್ಟರಲ್ಲಿ ಒಂದು ಕಪ್ಪು ಚೌಕದಿಂದ ಗಂಡುದನಿ ಬಂತು.

"ಅಜ್ಜೀ, ನಾನೂ ತೊಳೆದಿಲ್ಲ. ಅದಕ್ಕೇ ಕ್ಯಾಮೆರಾ ಹಾಕಿಲ್ಲ."

ನಗು ಅವನ ಕಡೆ ತಿರುಗಿತು. ಅವಳಿಗೆ ಮಾತ್ರ ಮೈಯೆಲ್ಲ ಉರಿಯಿತು. 'ನನ್ನನ್ನು ಆಡಿಕೊಳ್ಳೋಕೆ ಇವನ್ಯಾರು?'

ಗ್ರಹಚಾರವೆಂಬಂತೆ, ಸೆಮಿನಾರಿಗೆ ಮೇಡಂ ಅವರಿಬ್ಬರನ್ನೇ ಜೋಡಿ ಮಾಡಿದರು. ಒಲ್ಲದ ಮನಸ್ಸಿನಿಂದಲೇ ಫೋನ್ ಮಾಡಿದಳು.

"ಅವತ್ತು ನೀವು ಅಳೋ ಹಾಗಿದ್ರಿ. ಎಲ್ಲರೂ ನನ್ನನ್ನ ನೋಡಿ ನಗಲಿ ಅಂತ ಹಾಗಂದೆ," ಎಂದ ಅವನು.

ಅವಳ ಕೋಪ ಅಲ್ಲಿಗೇ ಕರಗಿತು.

ಆಮೇಲೆ ಫೋನು ದಿನದ ಮಾತಾಯಿತು. ಬೆಳಕಿನ ಅಲೆಗಳಿಂದ ಶುರುವಾಗಿ, ಅವನಕ್ಕನ ಸಿಡುಕು, ಇವಳಜ್ಜಿಯ ಮೊಣಕಾಲು ನೋವಿನವರೆಗೆ ಮಾತು ಹರಿಯುತ್ತಿತ್ತು. 'ನೀವು' ಹೋಗಿ 'ನೀನು' ಬಂದದ್ದು ಇಬ್ಬರಿಗೂ ತಿಳಿಯಲಿಲ್ಲ. ಕ್ಯಾಮೆರಾ ಮಾತ್ರ ಅವನು ಹಾಕಲೇ ಇಲ್ಲ. ಒಂದೇ ಕೋಣೆಯ ಮನೆ, ಹಿಂದೆಯೇ ಅಮ್ಮ ಹೊಲಿಗೆ ಯಂತ್ರ ತುಳಿಯುತ್ತಾರೆ ಎಂದಿದ್ದ. ಅವಳು ಒತ್ತಾಯಿಸಲಿಲ್ಲ.

ಸೆಮಿನಾರಿನ ದಿನ ಅವನು ಬರಲಿಲ್ಲ. ಫೋನು ರಿಂಗಾಗಿ ರಿಂಗಾಗಿ ನಿಂತಿತು. ಅವನ ಪಾಲನ್ನೂ ಅವಳೇ ತಡವರಿಸುತ್ತ ಹೇಳಿ ಮುಗಿಸಿದಳು. ಹಿಂದೆಯೇ ಅವನಿಗೊಂದು ಧ್ವನಿ ಸಂದೇಶ ಕಳಿಸಿದಳು.

"ನಂಬಿದ್ದಕ್ಕೆ ಚೆನ್ನಾಗಿ ಕೈಕೊಟ್ಟೆ. ಇನ್ಮೇಲೆ ನನ್ನ ಜೊತೆ ಮಾತಾಡಬೇಡ."

ಸಂಜೆ ಅವನ ನಂಬರಿನಿಂದಲೇ ಕರೆ ಬಂತು. ಮಾತಾಡಿದ್ದು ಅವನ ಅಕ್ಕ.

"ಆಸ್ಪತ್ರೆಗೆ ಸೇರಿಸಿದೀವಮ್ಮ. ಉಸಿರಾಡೋಕೆ ಆಗ್ತಿರಲಿಲ್ಲ... ಆಕ್ಸಿಜನ್ ಹಾಕಿದಾರೆ. ನೀನು ಕಳಿಸಿದ್ದು ಕೇಳಿದೆ. ಅವನಿಗೆ ಕೇಳಿಸಿಲ್ಲ."

ಅವಳು ಎರಡೂ ಕೈಯಲ್ಲಿ ಫೋನು ಹಿಡಿದುಕೊಂಡಳು.

"ಅಳಿಸಿಬಿಡಿ ಅಕ್ಕ... ದಮ್ಮಯ್ಯ."

ಆಮೇಲಿನ ದಿನಗಳಲ್ಲಿ ಪಾಠ ನಡೆಯುತ್ತಿತ್ತು, ಅವಳ ತಲೆಗೆ ಹತ್ತುತ್ತಿರಲಿಲ್ಲ. ಮೇಡಂಗೆ ಎಲ್ಲ ಹೇಳಿದಾಗ, "ಅವನು ಹುಷಾರಾಗಿ ಬರಲಿ, ಸೆಮಿನಾರ್ ಇನ್ನೊಂದು ಸಲ ಇಟ್ಟುಕೊಳ್ಳೋಣ," ಎಂದರು. ತಟ್ಟೆಯ ಮುಂದೆ ಸುಮ್ಮನೆ ಕೂತ ಮೊಮ್ಮಗಳನ್ನು ಕಂಡು ಅಜ್ಜಿ ತಲೆ ನೇವರಿಸಿದರು.

"ಯಾರೇ ಅದು?"

"ಕ್ಲಾಸ್‌ಮೇಟು."

"ಬರೀ ಕ್ಲಾಸ್‌ಮೇಟಿಗೋಸ್ಕರ ಯಾರೂ ಊಟ ಬಿಡಲ್ಲ ಕಣೇ."

ಆಗ ಅವಳ ಅಳು ಕಟ್ಟೆಯೊಡೆಯಿತು. ಮುಖವನ್ನೇ ಕಾಣದ ಒಬ್ಬ ಹುಡುಗನ ದನಿ ಇನ್ನೆಂದೂ ಕೇಳಿಸದಿದ್ದರೆ...

ಒಂದು ಮಧ್ಯಾಹ್ನ ಫೋನು ಅಲುಗಿತು. ವಿಡಿಯೋ ಕರೆ.

ಆಸ್ಪತ್ರೆಯ ದಿಂಬು. ಬಾಡಿದ ಮುಖ, ಕುರುಚಲು ಗಡ್ಡ, ಕೆನ್ನೆಯ ಮೇಲೆ ಮಾಸ್ಕಿನ ಗುರುತು.

"ಆಕ್ಸಿಜನ್ ತೆಗೆದ್ರು," ಎಂದ ಅವನು, ತಡೆತಡೆದು. "ನಾಳೆ ಮನೆಗೆ."

ಅವಳು ಅಳುತ್ತಲೇ ನಕ್ಕಳು.

"ನಿನಗೆ ಏನೇನೋ ಬೈದಿದ್ದೆ."

"ಅಕ್ಕ ಹೇಳಿದ್ಲು. ಕೇಳಬೇಕು ಅಂದ್ರೆ ಅಳಿಸಿಬಿಟ್ಟಿದಾಳೆ. ಇನ್ನೊಂದು ಸಲ ಬೈತೀಯಾ?"

"ಬೈಯಲ್ಲ. ನೀನಂದ್ರೆ ನಂಗೆ ಪ್ರಾಣ ಕಣೋ... ಅದನ್ನೇ ಹೇಳಬೇಕಿತ್ತು."

ಅವನು ಕಣ್ಣು ಮುಚ್ಚಿದ. ಮುಚ್ಚಿದ ರೆಪ್ಪೆಯಂಚಿನಿಂದ ನೀರು ಇಳಿಯಿತು.

ಕಾಲೇಜು ಕೊನೆಗೂ ತೆರೆಯಿತು. ಪ್ರಯೋಗಾಲಯ ಮೂರನೇ ಮಹಡಿಯಲ್ಲಿ. ಅರ್ಧ ಮೆಟ್ಟಿಲಿಗೇ ಏದುಸಿರು ಬಂದು, ಅವನು ಗೋಡೆಗೆ ಒರಗಿ ನಿಂತ. ಉಳಿದವರೆಲ್ಲ ದಡದಡನೆ ಮೇಲೆ ಹೋದರು.

"ನೀನು ನಡಿ. ನನಗೆ ಹೊತ್ತಾಗುತ್ತೆ."

ಅವಳು ಅವನ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತಳು.

"ಆಗಲಿ ಬಿಡು."

"ಕ್ಲಾಸು ಶುರುವಾಗುತ್ತೆ ಕಣೇ."

"ಶುರುವಾಗಲಿ. ಕೂತ್ಕೋ ಬಾ."

ಅವನು ಪಕ್ಕದಲ್ಲಿ ಕೂತ.