ಕಾಲು ಮಾತ್ರ ಸುಳ್ಳು

ಸೋಮವಾರ ಬೆಳಿಗ್ಗೆ ಠಾಣೆಗೆ ಬಂದ ಮೂಳೆ ಡಾಕ್ಟರು ಕುರ್ಚಿ ತೋರಿಸಿದರೂ ಕೂರಲಿಲ್ಲ. ಅಂಗವೈಕಲ್ಯ ಪಿಂಚಣಿಗೆ ಅರ್ಜಿ ಹಾಕಿದವರನ್ನು ಪರೀಕ್ಷಿಸುವ ವೈದ್ಯಕೀಯ ಮಂಡಳಿಯಲ್ಲಿ ಅವರೂ ಒಬ್ಬರು.

"ಶುಕ್ರವಾರ ನನ್ನ ಮುಂದೆ ಬಂದವನು ಅರ್ಜಿದಾರ ಅಲ್ಲ, ಬೇರೆ ಯಾರೋ," ಎಂದರು.

"ಫೋಟೋ ತಾಳೆ ಆಗಲಿಲ್ವಾ?" ಇನ್ಸ್‌ಪೆಕ್ಟರ್ ಕೇಳಿದರು.

"ಹೆಚ್ಚುಕಡಿಮೆ ಆಗುತ್ತೆ. ಆದ್ರೆ ಬಂದವನ ಬಲಗಾಲಲ್ಲಿ ನಾನೇ ಹಾಕಿದ ಹೊಲಿಗೆ ಗುರುತು ಇದೆ. ಕೊನೆಗೆ ಬರುವಾಗ ಓರೆಯಾಗಿ ಹೊಲಿಯೋ ಕೆಟ್ಟ ಚಾಳಿ ನನ್ನದು. ಮೇಷ್ಟ್ರ ಹತ್ರ ಬೈಸ್ಕೊಂಡ್ರೂ ಬಿಟ್ಟಿಲ್ಲ. ಅರ್ಜಿ ನೋಡಿದ್ರೆ ನರದ ಕಾಯಿಲೆ ಅಂತಿದೆ, ಆಪರೇಷನ್ ಮಾತೇ ಇಲ್ಲ."

"ಹೊಲಿಗೆ ನೆನಪಿದೆ, ಮುಖ ನೆನಪಿಲ್ಲ?"

"ಮುಖ ಯಾರು ನೋಡ್ತಾರ್ರೀ," ಎಂದರು ಡಾಕ್ಟರು. "ಜೊತೆಗೆ ಒಬ್ಬ ಹೆಂಗಸು ಇದ್ಳು, ಹೆಂಡತಿಯಂತೆ. ಕೇಳಿದ್ದಕ್ಕೆಲ್ಲ ಅವಳದೇ ಉತ್ತರ. ಅವನು ತುಟಿಪಿಟಕ್ ಅನ್ನಲಿಲ್ಲ."

ಸೋಗು ಹಾಕಿ ವಂಚನೆ ಎಂದು ಎಫ್‌ಐಆರ್ ದಾಖಲಾಯಿತು. ಇನ್ಸ್‌ಪೆಕ್ಟರಿಗೆ ಪಿತ್ತ ನೆತ್ತಿಗೇರಿತ್ತು. ಕೈಲಾಗದವರ ಬಾಯಿಗೆ ಹೋಗುವ ತುತ್ತಿಗೂ ಕೈ ಹಾಕುತ್ತಾರಲ್ಲ, ಥೂ! ಇಂಥವರನ್ನು ಸುಮ್ಮನೆ ಬಿಟ್ಟರೆ ತಾನು ಈ ಸಮವಸ್ತ್ರ ಹಾಕಿಕೊಂಡಿರುವುದೇ ದಂಡ ಎಂದು ಮಹಿಳಾ ಕಾನ್‌ಸ್ಟೆಬಲ್ ಎದುರು ಗೊಣಗಿದರು. ಆಕೆ ಇದನ್ನು ವಾರಕ್ಕೊಮ್ಮೆ ಕೇಳುತ್ತಿದ್ದಳು, ಹೂಂಗುಟ್ಟಿದಳು.

ಡಾಕ್ಟರ ಆಸ್ಪತ್ರೆಯಲ್ಲಿ ಹಳೆಯ ಆಪರೇಷನ್ ಕಡತ ತೆಗೆಸಿದರು. ಬಲಗಾಲಿಗೆ ಆಪರೇಷನ್ ಆದವರ ಪೈಕಿ ಒಬ್ಬನ ತಂದೆಯ ಹೆಸರು, ಅರ್ಜಿದಾರನ ತಂದೆಯ ಹೆಸರು ಎರಡೂ ಒಂದೇ ಇತ್ತು. ಆತ ಅರ್ಜಿದಾರನ ಖಾಸಾ ತಮ್ಮ. ಬಸ್ ನಿಲ್ದಾಣದ ಮೂಲೆಯಲ್ಲಿ ಬೀಗದ ಕೈ ಮಾಡಿಕೊಡುವ ಅಂಗಡಿ ಇಟ್ಟುಕೊಂಡಿದ್ದ.

"ಶುಕ್ರವಾರ ಎಲ್ಲಿದ್ದೆ?"

"ಇಲ್ಲೇ, ಅಂಗಡೀಲಿ."

"ಪ್ಯಾಂಟು ಮೇಲೆತ್ತು."

ಕಾನ್‌ಸ್ಟೆಬಲ್ ಬಗ್ಗಿ ನೋಡಿದಳು. "ಓರೆ ಇದೆ ಸಾರ್."

ಪಕ್ಕದ ಅಂಗಡಿಯವರಿಬ್ಬರನ್ನು ಪಂಚರಾಗಿ ಕರೆದು ಕಾಲಿನ ಪಂಚನಾಮೆ ಮಾಡಿದ್ದಾಯಿತು. ಬೀಗದವನ ಮುಖ ಇಳಿದುಹೋಯಿತು.

"ಎಲ್ಲಾ ನಂದೇ ಸಾರ್. ಅತ್ತಿಗೆಗೆ ಏನೂ ಗೊತ್ತಿಲ್ಲ."

"ಅತ್ತಿಗೆ ಮಾತು ನಾನೆಲ್ಲೋ ಎತ್ತಿದೆ?" ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಇನ್ಸ್‌ಪೆಕ್ಟರ್ ಬೇಕಾದಷ್ಟು ಕಂಡಿದ್ದರು.

"ಅವರನ್ನ ಕರ್ಕೊಂಡು ಹೋಗ್ಬೇಡಿ ಸಾರ್, ಕೈ ಮುಗೀತೀನಿ. ಅಣ್ಣನ್ನ ಹೊರಳಿಸೋರು ಯಾರು? ಈ ಕಾಲಿಟ್ಕೊಂಡು ನನ್ನ ಕೈಲಿ ಆಗಲ್ಲ."

"ನಾಟಕ ಸಾಕು, ಜೀಪು ಹತ್ತು."

ಮನೆ ಇದ್ದದ್ದು ಇಸ್ತ್ರಿ ಅಂಗಡಿಯೊಂದರ ಹಿಂದೆ, ಒಂದೇ ಕೋಣೆ. ಮಂಚದ ಮೇಲೆ ಅರ್ಜಿದಾರ ಮಲಗಿದ್ದ. ತಲೆ ಬಾಚಿತ್ತು, ಅಂಗಿಯ ಗುಂಡಿಯೆಲ್ಲ ಹಾಕಿತ್ತು. "ಬನ್ನಿ ಸಾರ್, ಕೂತ್ಕೊಳ್ಳಿ," ಎಂದು ಮಲಗಿದಲ್ಲಿಂದಲೇ ನಕ್ಕ. ಬಕೆಟ್ಟಿನಲ್ಲಿ ಹೊದಿಕೆ ಹಿಂಡುತ್ತಿದ್ದ ಹೆಂಡತಿ, ಮೈದುನನನ್ನು ಪೊಲೀಸರ ನಡುವೆ ಕಂಡು ಎದ್ದು ನಿಂತಳು.

"ಅವನದೇನೂ ತಪ್ಪಿಲ್ಲ. ಬಲವಂತ ಮಾಡಿ ಕರ್ಕೊಂಡು ಹೋದವಳು ನಾನು," ಎಂದಳು.

"ಯಾಕಮ್ಮ? ನಿಮ್ಮ ಗಂಡನಿಗೆ ನಿಜವಾಗ್ಲೂ ಕಾಯಿಲೆ ಇದೆಯಲ್ಲ."

"ಹೋದ ವರ್ಷ ಇವರನ್ನೇ ಕರ್ಕೊಂಡು ಹೋಗಿದ್ದೆ ಸಾರ್. ಆಗಿನ್ನೂ ಒಂದು ದಿನ ಕೈಕಾಲು ಆಡೋದು, ಒಂದು ದಿನ ಇಲ್ಲ. ಸರ್ಕಾರಿ ಕಚೇರಿ ಅಂತ ಕ್ಷೌರ ಮಾಡಿಸ್ಕೊಂಡು, ಇಸ್ತ್ರಿ ಅಂಗಿ ಹಾಕ್ಕೊಂಡು, ಗೋಡೆ ಹಿಡ್ಕೊಂಡು ನಡೆದೇ ಹೋದ್ರು. ಏನು ತೊಂದ್ರೆ ಅಂತ ಕೇಳಿದ್ರೆ, ಏನೂ ತೊಂದ್ರೆ ಇಲ್ಲ ಸಾರ್ ಅಂದುಬಿಟ್ರು! ಹೋಟೆಲಲ್ಲಿ ಸಪ್ಲಯರ್ ಆಗಿ ಕೂದಲು ನೆರೆಸಿದೋರು. ಎದುರಿಗೆ ಯಾರು ಬಂದ್ರೂ ನಗಬೇಕು, ತೊಂದ್ರೆ ಇಲ್ಲ ಅನ್ನಬೇಕು. ದುಡಿಯಲು ಸಮರ್ಥ ಅಂತ ಬರೆದು ಕಳಿಸಿದ್ರು."

"ಮತ್ತೆ ಅರ್ಜಿ ಹಾಕಿದಾಗ ನಿಜ ಹೇಳಬಹುದಿತ್ತು."

"ಮನೆಗೇ ಬಂದು ನೋಡಿ ಅಂದೆ, ಆಗಲ್ಲ ಅಂದ್ರು. ಬಂದಿದ್ರೂ ಇವರು ನಗ್ತಿದ್ರು." ಆಕೆಯ ದನಿ ಏರಿತು. "ಅಲ್ಲಿ ನಾನು ಹೇಳಿದ್ದೆಲ್ಲ ಇವರ ಪಾಡೇ ಸಾರ್. ಊಟ ಮಾಡಿಸೋದು, ಒರೆಸೋದು, ಹೊರಳಿಸೋದು. ಕಾಲು ಮಾತ್ರ ಸುಳ್ಳು."

ಕಾನೂನಿಗೆ ಅಷ್ಟು ಸಾಕಾಗಿತ್ತು. ಬಂಧಿಸಿದ ವೇಳೆ ಬರೆದುಕೊಂಡು ಕಾನ್‌ಸ್ಟೆಬಲ್ ಆಕೆಯ ತೋಳು ಹಿಡಿದಳು. ಇನ್ಸ್‌ಪೆಕ್ಟರ್ ಮಂಚದ ಹತ್ತಿರ ಹೋದರು. ಬೆಳಗಿನ ಸಿಟ್ಟನ್ನು ಹುಡುಕಿದರೂ ಸಿಗಲಿಲ್ಲ, ಸಂಕಟವಾಯಿತು.

"ಜಾಮೀನು ಸಿಗೋ ಕೇಸು, ಸಂಜೆಗೆ ಬಂದುಬಿಡ್ತಾರೆ. ಅಲ್ಲೀವರೆಗೆ ನಿಮಗೆ ಏನಾದ್ರೂ ತೊಂದ್ರೆ ಆಗುತ್ತಾ?"

"ಏನೂ ತೊಂದ್ರೆ ಇಲ್ಲ ಸಾರ್," ಎಂದು ಆತ ಮುಖ ಅರಳಿಸಿದ. "ನೀವು ನಿಮ್ಮ ಕೆಲಸ ನೋಡ್ಕೊಳ್ಳಿ."

ಎಷ್ಟು ಚೆನ್ನಾಗಿ ನಕ್ಕನೆಂದರೆ, ಇನ್ಸ್‌ಪೆಕ್ಟರ್ ಒಂದು ಗಳಿಗೆ ನಂಬಿಯೇಬಿಟ್ಟಿದ್ದರು.

"ಅಯ್ಯೋ, ಒಂದೇ ಒಂದ್ಸಲ ಬಾಯಿಬಿಟ್ಟು ಹೇಳ್ರೀ!" ಹೆಂಡತಿ ಹಣೆ ಚಚ್ಚಿಕೊಂಡಳು.

ಇನ್ಸ್‌ಪೆಕ್ಟರ್ ಸ್ಟೂಲಿನ ಮೇಲಿದ್ದ ನೀರಿನ ಲೋಟವನ್ನು ಆತನ ಕೈಗೆ ತಾಗುವಂತೆ ಹಿಡಿದರು. "ಇದನ್ನ ತಗೊಂಡು ಕುಡೀರಿ, ನೋಡೋಣ."

ಹೊದಿಕೆಯ ಮೇಲೆ ಬೆರಳು ನಡುಗಿದವು, ಕೈ ಏಳಲಿಲ್ಲ. ನಗು ಇನ್ನೂ ಸ್ವಲ್ಪ ಹೊತ್ತು ಮುಖದ ಮೇಲಿತ್ತು.

"ಆಗಲ್ಲ ಸಾರ್," ಎಂದ ಆತ ಕೊನೆಗೆ. "ಅವಳಿಲ್ಲದಿದ್ರೆ ಏನೂ ಆಗಲ್ಲ. ಹೇಳಕ್ಕೆ ನಾಚಿಕೆ ಆಗುತ್ತೆ."

"ಬರ್ಕೊಮ್ಮ," ಎಂದರು ಇನ್ಸ್‌ಪೆಕ್ಟರ್ ಕಾನ್‌ಸ್ಟೆಬಲ್ ಕಡೆ ತಿರುಗಿ. "ಅವರು ಹೇಳಿದ ಹಾಗೇ ಬರ್ಕೊ. ಇದರದೊಂದು ಪ್ರತಿ ಮಂಡಳಿಗೂ ಹೋಗ್ಬೇಕು."

ಬರೆಯಬೇಕೆಂದರೆ ತೋಳು ಬಿಡಬೇಕಿತ್ತು, ಬಿಟ್ಟಳು. ಆರೋಪಿ ಇನ್ಸ್‌ಪೆಕ್ಟರ ಕೈಯಿಂದ ಲೋಟ ತೆಗೆದುಕೊಂಡು, ಗಂಡನ ತಲೆ ಎತ್ತಿ ಹಿಡಿದು ನೀರು ಕುಡಿಸಿದಳು.